ರೆಕ್ಕೆ ಇದ್ದೂ ದಾಟದ ಕಂಡಿ



ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲಿನಲ್ಲಿ ಇಳಿದವರಿಗೆ ಘಟ್ಟ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಐವತ್ತೇಳು ಸುರಂಗ, ಲೆಕ್ಕ ತಪ್ಪುವಷ್ಟು ಸೇತುವೆ, ಕಿಟಕಿಯ ಕೆಳಗೆ ಎದೆ ಝಲ್ ಎನ್ನಿಸುವ ಕಮರಿ. ಅದೇ ಬೆಂಗಳೂರಿನಿಂದ ಎರ್ನಾಕುಳಕ್ಕೆ ಹೊರಟ ರೈಲು ಕೊಯಮತ್ತೂರು ಬಿಟ್ಟು, ವಾಳಯಾರ್ ದಾಟಿ, ಪಾಲಕ್ಕಾಡಿಗೆ ಬಂದು ನಿಂತಾಗ ಪಶ್ಚಿಮ ಘಟ್ಟದ ಈಚೆಯಿಂದ ಆಚೆಗೆ ಬಂದುಬಿಟ್ಟಿದ್ದೇವೆ ಎನ್ನುವುದು ಎಷ್ಟೋ ಪ್ರಯಾಣಿಕರ ಗಮನಕ್ಕೇ ಬರುವುದಿಲ್ಲ. ನಡುವೆ ಒಂದಿಷ್ಟು ಕಾಡು, ಒಂದಿಷ್ಟು ಗುಡ್ಡ, ಆಮೇಲೆ ತೆಂಗು, ಭತ್ತದ ಗದ್ದೆ. ಶಬರಿಮಲೆಗೋ ಗುರುವಾಯೂರಿಗೋ ಹೋಗುವ ನಮ್ಮವರು ಅಷ್ಟು ಹೊತ್ತಿಗೆ ಚಹಾ ಕುಡಿಯುತ್ತಾ ಕೂತಿರುತ್ತಾರೆ.

ತಾಪಿ ನದಿಯ ಬದಿಯಿಂದ ಕನ್ಯಾಕುಮಾರಿಯ ಹತ್ತಿರದವರೆಗೆ ಸುಮಾರು 1,600 ಕಿಲೋಮೀಟರ್ ಹಬ್ಬಿದ ಘಟ್ಟಸಾಲು ಈ ಒಂದು ಜಾಗದಲ್ಲಿ ದೊಡ್ಡದಾಗಿ ಕಡಿದುಹೋಗಿದೆ. ಇದೇ ಪಾಲಕ್ಕಾಡ್ ಕಂಡಿ. ಉತ್ತರಕ್ಕೆ ನೀಲಗಿರಿ, ಅದರ ನೆತ್ತಿ ದೊಡ್ಡಬೆಟ್ಟ 2,637 ಮೀಟರ್. ದಕ್ಷಿಣಕ್ಕೆ ಆನೆಮಲೆಯ ಸಾಲು, ಅದರಾಚೆ 2,695 ಮೀಟರಿನ ಆನಮುಡಿ. ನಡುವಿನ ಕಂಡಿಯ ನೆಲ ಮಾತ್ರ ಸಮುದ್ರಮಟ್ಟದಿಂದ ನೂರು, ಇನ್ನೂರು ಮೀಟರಿನ ಆಸುಪಾಸಿನಲ್ಲಿದೆ. ಅಗಲ ಸುಮಾರು 30 ಕಿಲೋಮೀಟರ್. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇವತ್ತಿನ ನನ್ನ ಮಾತೆಲ್ಲ ಈ 30 ಕಿಲೋಮೀಟರನ್ನು ದಾಟದ ಕೆಲವು ಜೀವಿಗಳ ಬಗ್ಗೆ, ದಾಟದೆ ಉಳಿದದ್ದರಿಂದ ಅವುಗಳಿಗೆ ಏನಾಯಿತು ಎನ್ನುವುದರ ಬಗ್ಗೆ.

ನೀಲಗಿರಿಯ ಮೇಲಿನ ಹುಲ್ಲುಗಾವಲುಗಳ ಮಡಿಲಲ್ಲಿ, ನೀರು ಇಳಿಯುವ ತಗ್ಗುಗಳಲ್ಲಿ, ಒತ್ತೊತ್ತಾಗಿ ಬೆಳೆದ ಕುಳ್ಳ ಮರಗಳ ಕಾಡಿದೆಯಲ್ಲ, ಶೋಲಾ ಕಾಡು, ಅಲ್ಲೊಂದು ಹಕ್ಕಿ ಇದೆ. ಗುಬ್ಬಿಗಿಂತ ತುಸು ದೊಡ್ಡದು. ಉದ್ದ ಕಾಲು, ಮೋಟು ಬಾಲ. ಬೆನ್ನು, ಎದೆ ಮಾಸಲು ನೀಲಿ. ಹೊಟ್ಟೆಯ ನಡುವೆ ಬಿಳಿ. ಎರಡು ಪಕ್ಕೆಗಳಲ್ಲಿ ಇಟ್ಟಿಗೆಯ ಕೆಂಪು. ದಿನವಿಡೀ ಪೊದೆಗಳ ಬುಡದಲ್ಲಿ, ಒದ್ದೆ ತರಗೆಲೆಯ ಮೇಲೆ ಕುಪ್ಪಳಿಸುತ್ತಾ ಹುಳ ಹೆಕ್ಕುತ್ತದೆ. ಬಿಸಿಲಿಗೆ ಬರುವುದು ಅಪರೂಪ. ಮುಂಜಾನೆ, ಮುಸ್ಸಂಜೆ ಸಿಳ್ಳೆ ಹಾಕುತ್ತದೆ. ಹಕ್ಕಿ ನೋಡುವವರು ಈಗ ಇದನ್ನು ನೀಲಗಿರಿ ಶೋಲಾಕಿಳಿ ಎನ್ನುತ್ತಾರೆ. ನಮ್ಮ ಬಾಬಾಬುಡನ್‌ಗಿರಿಯ ಶೋಲಾಗಳಲ್ಲೂ ಇದು ಇದೆ.

ಕಂಡಿಯಾಚೆ, ಆನೆಮಲೆ ಮತ್ತು ಪಳನಿ ಬೆಟ್ಟಗಳಲ್ಲಿ, ಇದೇ ಅಚ್ಚಿನ ಇನ್ನೊಂದು ಹಕ್ಕಿ ಸಿಗುತ್ತದೆ. ಅದೇ ಗಾತ್ರ, ಅದೇ ನಡಿಗೆ, ಅದೇ ನಾಚಿಕೆ. ಆದರೆ ಪಕ್ಕೆಯಲ್ಲಿ ಕೆಂಪಿಲ್ಲ, ಅಲ್ಲೂ ನೀಲಿಬೂದು. ಇದು ಬಿಳಿಹೊಟ್ಟೆಯ ಶೋಲಾಕಿಳಿ. ಇನ್ನೂ ದಕ್ಷಿಣಕ್ಕೆ ಹೋಗಿ ಚೆಂಕೋಟೆಯ ಕಂಡಿಯನ್ನು ದಾಟಿದರೆ ಅಗಸ್ತ್ಯಮಲೆಯ ಕಡೆ ಮೂರನೆಯದು, ಆಶಾಂಬು ಶೋಲಾಕಿಳಿ. ಮೂರು ಬೆಟ್ಟಸಾಲು, ನಡುವೆ ಎರಡು ಕಂಡಿ, ಮೂರು ಹಕ್ಕಿ.

ಉತ್ತರದ ಹಕ್ಕಿಯನ್ನು 1840ರ ದಶಕದ ಆಸುಪಾಸಿನಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಟಿ. ಸಿ. ಜೆರ್ಡನ್. ದಕ್ಷಿಣದ್ದನ್ನು 1868ರಲ್ಲಿ ಬ್ಲಾನ್‌ಫರ್ಡ್ ಎಂಬ ಪ್ರಕೃತಿವಿಜ್ಞಾನಿ ಬೇರೆ ಪ್ರಭೇದವೆಂದೇ ಬರೆದರು. ಆಮೇಲೆ ಬಂದ ಪಂಡಿತರು ಎರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದ ಎಂದು ಸೇರಿಸಿಬಿಟ್ಟರು. ಇಪ್ಪತ್ತನೆಯ ಶತಮಾನದ ಬಹುಭಾಗ ಹಾಗೆಯೇ ಸಾಗಿತು. ಮ್ಯೂಸಿಯಮ್ಮಿನ ಡ್ರಾಯರಿನಲ್ಲಿ ಒಣಗಿದ ಚರ್ಮಗಳನ್ನು ಸಾಲಾಗಿ ಮಲಗಿಸಿ ನೋಡುವವರಿಗೆ ಪಕ್ಕೆಯ ಬಣ್ಣ ಅಂಥ ದೊಡ್ಡ ವಿಷಯವಾಗಿ ಕಾಣಲಿಲ್ಲ. ಅವರನ್ನು ಬೈಯುವಂತಿಲ್ಲ, ಅವರ ಕೈಯಲ್ಲಿ ಇದ್ದದ್ದೇ ಅಷ್ಟು.

ಮುಂದೆ ಕೆಲಸಕ್ಕೆ ಬಂದದ್ದು ರಕ್ತದ ಹನಿ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಉಮಾ ರಾಮಕೃಷ್ಣನ್ ಅವರ ಪ್ರಯೋಗಾಲಯದಲ್ಲಿದ್ದ ವಿ. ವಿ. ರಾಬಿನ್ ಮತ್ತು ಸಂಗಡಿಗರು ಈ ಬೆಟ್ಟಗಳನ್ನೆಲ್ಲ ಹತ್ತಿ ಇಳಿದರು. ಶೋಲಾದೊಳಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಬಲೆ ಕಟ್ಟುವುದು, ಬಿದ್ದ ಹಕ್ಕಿಯನ್ನು ಬೆರಳ ಸಂದಿಯಲ್ಲಿ ನೋಯದಂತೆ ಹಿಡಿಯುವುದು, ರೆಕ್ಕೆಯ ಒಳಗಿನ ರಕ್ತನಾಳದಿಂದ ಒಂದು ಹನಿ ರಕ್ತ ತೆಗೆಯುವುದು, ಅಳತೆ ಬರೆದುಕೊಂಡು ಹಾರಿಬಿಡುವುದು. ಆ ಹನಿಯೊಳಗಿನ ಡಿಎನ್‌ಎಯನ್ನು ಓದಿದಾಗ ಕಂಡಿಯ ಈಚಿನವೂ ಆಚಿನವೂ ಬೇರೆಯಾಗಿ ಹತ್ತಾರು ಲಕ್ಷ ವರ್ಷಗಳೇ ಆಗಿವೆ ಎಂದು ಗೊತ್ತಾಯಿತು. 2017ರಲ್ಲಿ ಇವುಗಳಿಗಾಗಿಯೇ ಶೋಲಿಕೋಲ ಎಂಬ ಹೊಸ ಕುಲವನ್ನು ಸ್ಥಾಪಿಸಿದರು. ಅಷ್ಟು ದಿನ ಯಾವ ಹಕ್ಕಿಗಳ ನೆಂಟರೆಂದು ಇವನ್ನು ತಿಳಿದಿದ್ದರೋ ಅವು ನೆಂಟರೇ ಅಲ್ಲ, ನೊಣಹಿಡುಕ ಹಕ್ಕಿಗಳ ಒಂದು ಬಳಗ ಇವಕ್ಕೆ ಹತ್ತಿರ ಎಂಬುದೂ ಆಗಲೇ ತಿಳಿದದ್ದು.

ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಹಕ್ಕಿಗೆ ರೆಕ್ಕೆ ಇದೆ. 30 ಕಿಲೋಮೀಟರ್ ಅದಕ್ಕೆ ಯಾವ ಲೆಕ್ಕ? ಚಳಿಗಾಲ ಬಂತೆಂದರೆ ಸೈಬೀರಿಯಾದಿಂದ ಹಾರಿ ಬರುವ ಹಕ್ಕಿಗಳು ನಮ್ಮ ಕೆರೆಗಳಲ್ಲಿ ಇಳಿಯುವುದಿಲ್ಲವೆ?

ಉತ್ತರ ಇರುವುದು ಶೋಲಾಕಿಳಿಯ ಸ್ವಭಾವದಲ್ಲಿ. ಅದಕ್ಕೆ ಬೇಕಾದದ್ದು ತಂಪು, ನೆರಳು, ಒದ್ದೆ ನೆಲ. ಶೋಲಾದ ಅಂಚಿಗೆ ಬಂದು ಎದುರಿಗೆ ಬಿಸಿಲು ಕಂಡರೆ ಹಿಂದೆ ತಿರುಗುವ ಹಕ್ಕಿ ಅದು. ಅಂಥದ್ದಕ್ಕೆ ಬೆಟ್ಟದ ಕೆಳಗಿನ ಸೆಕೆಯ ಬಯಲು ಸಮುದ್ರಕ್ಕೆ ಸಮ. ಈ ಬೆಟ್ಟಗಳ ನೆತ್ತಿಗಳನ್ನು ವಿಜ್ಞಾನಿಗಳು ಆಕಾಶದ ದ್ವೀಪಗಳು ಎಂದು ಕರೆಯುವುದು ಇದಕ್ಕೇ.

ಹಾಗಂತ ಎಲ್ಲ ಹಕ್ಕಿಗಳಿಗೂ ಕಂಡಿ ಸಮುದ್ರವಲ್ಲ. 2015ರಲ್ಲಿ ಇದೇ ತಂಡ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಒಂದೇ ಹಕ್ಕಿಯನ್ನು ಹಿಡಿದು ಕೂರದೆ ಬೆಟ್ಟದ ಮೇಲಿನ ಇಡೀ ಹಕ್ಕಿ ಸಮುದಾಯವನ್ನು ಅವರು ನೋಡಿದರು: 9 ಜಾಗ, 23 ಪ್ರಭೇದ, 356 ಹಕ್ಕಿಗಳು. 23ರಲ್ಲಿ 10 ಪ್ರಭೇದಗಳ ಅತ್ಯಂತ ಹಳೆಯ ಒಡಕು ಪಾಲಕ್ಕಾಡ್ ಕಂಡಿಯಲ್ಲೇ ಇತ್ತು. ಆ 10ರಲ್ಲೇ ಕೆಲವು ಚಿಕ್ಕ ಕಣಿವೆಗಳಲ್ಲೂ ಮತ್ತೆ ಒಡೆದಿದ್ದವು, ಆದರೆ ಆ ಒಡಕು ಈಚಿನದು. ಉಳಿದ 13 ಪ್ರಭೇದಗಳಿಗೆ ಕಂಡಿ ಅಂಥ ಒಡಕನ್ನು ತಂದಿರಲಿಲ್ಲ. ಭೂಪಟದಲ್ಲಿ ಗೆರೆ ಎಳೆದು ಇಲ್ಲಿ ಗೋಡೆಯಿದೆ ಎಂದು ಹೇಳಿಬಿಡಲು ಬರುವುದಿಲ್ಲ. ಯಾರಿಗೆ ಗೋಡೆ ಎಂದು ಕೇಳಬೇಕು. ಆನೆಗಳನ್ನೇ ತೆಗೆದುಕೊಳ್ಳಿ. ನೀಲಗಿರಿಯ ಆನೆಗಳಿಗೂ ಆನೆಮಲೆ, ಪೆರಿಯಾರ್ ಕಡೆಯ ಆನೆಗಳಿಗೂ ಡಿಎನ್‌ಎಯಲ್ಲಿ ವ್ಯತ್ಯಾಸವಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2005ರಲ್ಲೇ ತೋರಿಸಿದ್ದಾರೆ. ಆದರೂ ಎರಡೂ ಕಡೆಯದು ಒಂದೇ ಏಷ್ಯಾದ ಆನೆ, ಬೇರೆ ಪ್ರಭೇದ ಎನ್ನುವವರು ಯಾರೂ ಇಲ್ಲ. ಕಂಡಿ ಒಂದೇ. ಅದು ಹಕ್ಕಿಗೆ ಮಾಡಿದ್ದು ಬೇರೆ, ಆನೆಗೆ ಮಾಡಿದ್ದು ಬೇರೆ.

ಬೇರೆಯಾದ ಮೇಲೆ ಒಳಗೊಳಗೆ ಏನು ನಡೆಯುತ್ತದೆ, ಈಗ ಅದನ್ನು ನೋಡೋಣ.

ಹೆಣ್ಣು ಕೊಟ್ಟು ತರುವ ಸಂಬಂಧ ಇರುವವರೆಗೆ ಎರಡು ಊರಿನ ಮನೆತನಗಳು ಎಷ್ಟು ದೂರವಿದ್ದರೂ ಒಂದೇ ಬಳಗವಾಗಿ ಉಳಿಯುತ್ತವೆ. ಈ ಊರಿನ ಮೂಗು ಆ ಊರಿನ ಮೊಮ್ಮಗುವಿನ ಮುಖದಲ್ಲಿ ಕಾಣುತ್ತದೆ. ಜೀವಿಗಳಲ್ಲೂ ಹಾಗೆಯೇ. ಈ ಗುಂಪಿನಲ್ಲಿ ಹುಟ್ಟಿದ ಒಂದು ಹೊಸ ಗುಣ ಆ ಗುಂಪಿಗೂ ಹರಿಯುತ್ತಿರುತ್ತದೆ, ಆ ಗುಂಪಿನದು ಈ ಗುಂಪಿಗೆ. ಈ ಕೊಡುಕೊಳ್ಳುವಿಕೆ ಎರಡನ್ನೂ ಒಂದಾಗಿ ಹಿಡಿದಿಡುತ್ತದೆ. ಪ್ರತಿ ಪೀಳಿಗೆಯಲ್ಲೂ ಎಲ್ಲೋ ಒಂದೆರಡು ಹಕ್ಕಿ ಆಚೀಚೆ ಹೋಗಿ ಜೋಡಿ ಕಟ್ಟಿದರೂ ಸಾಕು, ದೊಡ್ಡ ಒಡಕು ಬೀಳುವುದು ಕಷ್ಟ.

ಕಂಡಿಯೋ ನದಿಯೋ ಸಮುದ್ರವೋ ಅಡ್ಡ ಬಂದು ಆ ಸಂಬಂಧ ತಪ್ಪಿತೆನ್ನಿ. ಆಗ ಎರಡು ಕಡೆಯ ವಂಶವಾಹಿಗಳೂ ತಮ್ಮ ಪಾಡಿಗೆ ತಾವು ಬದಲಾಗತೊಡಗುತ್ತವೆ. ಒಂದು ಕಡೆ ಮಳೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಒಂದು ಕಡೆ ಹುಳದ ಬಗೆ ಬೇರೆ, ಶತ್ರು ಬೇರೆ. ಆ ನೆಲಕ್ಕೆ ಹೊಂದುವವು ಉಳಿದು ಮರಿ ಮಾಡುತ್ತವೆ. ಇದು ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ. ಇನ್ನು ಕೆಲವು ಬದಲಾವಣೆಗಳಿಗೆ ಕಾರಣವೇ ಇರುವುದಿಲ್ಲ. ಗುಂಪು ಚಿಕ್ಕದಾಗಿದ್ದರೆ ಬರೀ ಆಕಸ್ಮಿಕದಿಂದಲೇ ಒಂದು ಗುಣ ಎಲ್ಲರಿಗೂ ಹಬ್ಬಿಬಿಡಬಹುದು, ಒಳ್ಳೆಯ ಗುಣವೊಂದು ಹೇಳಹೆಸರಿಲ್ಲದೆ ಹೋಗಬಹುದು. ಶೋಲಾಕಿಳಿಯ ಪಕ್ಕೆ ಕೆಂಪಾಗಿ ಅದಕ್ಕೆ ಏನು ಲಾಭ, ನೀಲಿಯಾಗಿ ಇದಕ್ಕೆ ಏನು ಲಾಭ ಎಂದು ಪ್ರತಿಯೊಂದಕ್ಕೂ ಉಪಯೋಗ ಹುಡುಕುತ್ತಾ ಕೂರುವುದು ನಮ್ಮ ಚಟ.

ಇದಕ್ಕಿಂತ ಆಳದ ವಿಷಯವೊಂದಿದೆ. ಉತ್ತರದ ಗುಂಪಿನಲ್ಲಿ ಒಂದು ವಂಶವಾಹಿ ಬದಲಾಯಿತು, ಅದನ್ನು 'ಕ' ಎನ್ನೋಣ. ದಕ್ಷಿಣದಲ್ಲಿ ಬೇರೊಂದು ಬದಲಾಯಿತು, ಅದು 'ಗ' ಎಂದಿಟ್ಟುಕೊಳ್ಳಿ. ಉತ್ತರದ ದೇಹಕ್ಕೆ ಹೊಸ 'ಕ'ದಿಂದ ತೊಂದರೆಯಿಲ್ಲ, ದಕ್ಷಿಣದ ದೇಹಕ್ಕೆ ಹೊಸ 'ಗ'ದಿಂದ ತೊಂದರೆಯಿಲ್ಲ. ತೊಂದರೆ ಇದ್ದಿದ್ದರೆ ಅವು ಅಲ್ಲಲ್ಲೇ ಅಳಿಸಿಹೋಗುತ್ತಿದ್ದವು. ಆದರೆ ಹೊಸ 'ಕ', ಹೊಸ 'ಗ' ಎರಡೂ ಒಂದೇ ದೇಹದಲ್ಲಿ ಯಾವತ್ತೂ ಕೂತದ್ದೇ ಇಲ್ಲ. ಲಕ್ಷಾಂತರ ವರ್ಷಗಳ ನಂತರ ಎರಡು ಕಡೆಯ ಗಂಡು ಹೆಣ್ಣು ಕೂಡಿದರೆ ಮೊದಲ ಬಾರಿಗೆ ಅವೆರಡೂ ಎದುರಾಗುತ್ತವೆ. ಒಂದಕ್ಕೊಂದು ಒಗ್ಗದೆ ಹೋದರೆ ಮರಿ ಮೊಟ್ಟೆಯಲ್ಲೇ ಸಾಯಬಹುದು, ಬದುಕಿದರೂ ಬಂಜೆಯಾಗಬಹುದು. ಯಾರೂ ಬೇರೆಯಾಗಬೇಕೆಂದು ಹೊರಟಿರಲಿಲ್ಲ. ತಮ್ಮ ತಮ್ಮ ಮನೆಯಲ್ಲಿ ಸರಿಯಾಗಿ ಬದುಕಿದ್ದರ ಅಡ್ಡಪರಿಣಾಮ ಇದು. 1930ರ ದಶಕದಲ್ಲಿ ಡೊಬ್‌ಜಾನ್‌ಸ್ಕಿ ಎಂಬ ವಿಜ್ಞಾನಿ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುತ್ತಾ ಈ ವಿಚಾರವನ್ನು ಗಟ್ಟಿ ಮಾಡಿದರು.

ಇದೇ ಸಾಲಿನಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರ ಹೆಸರನ್ನೂ ಹೇಳಬೇಕು. ಎರಡು ಪ್ರಭೇದಗಳ ಬೆರಕೆ ಸಂತಾನದಲ್ಲಿ ಒಂದು ಲಿಂಗದ್ದು ಮಾತ್ರ ಬಂಜೆಯಾದರೆ ಅಥವಾ ಹುಟ್ಟದೇ ಹೋದರೆ, ಅದು ಎರಡು ಬಗೆಯ ಲಿಂಗ ವರ್ಣತಂತು ಇರುವ ಲಿಂಗವೇ ಆಗಿರುತ್ತದೆ ಎಂದು ಅವರು 1922ರಲ್ಲಿ ಗುರುತಿಸಿದ್ದರು. ನಮ್ಮಂಥ ಸಸ್ತನಿಗಳಿಗೆ ಅದು ಗಂಡು, ಹಕ್ಕಿಗಳಿಗೆ ಹೆಣ್ಣು. ನೂರು ವರ್ಷ ಕಳೆದರೂ ಆ ಸೂತ್ರ ಬಹುಮಟ್ಟಿಗೆ ನಿಂತಿದೆ. ಈ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ನಮ್ಮ ದೇಶಕ್ಕೆ ಬಂದು, ಭಾರತದ ಪೌರತ್ವ ಪಡೆದು, ಜುಬ್ಬಾ ತೊಟ್ಟುಕೊಂಡು ಓಡಾಡಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಬೇರೆಯಾದವು ಮತ್ತೆ ಸೇರಿದರೆ ಏನಾಗುತ್ತದೆ ಎಂದು ಶೋಲಾಕಿಳಿಯಲ್ಲಿ ನೋಡುವುದು ಕಷ್ಟ. ಅವು ಸೇರುವುದೇ ಇಲ್ಲವಲ್ಲ. ಆ ಪರೀಕ್ಷೆಯನ್ನು ಅಂದವಾಗಿ ಮಾಡಿ ತೋರಿಸಿದ ಜಾಗ ದೂರದ ಪನಾಮಾದಲ್ಲಿದೆ.

ಉತ್ತರ ಅಮೆರಿಕ, ದಕ್ಷಿಣ ಅಮೆರಿಕಗಳ ನಡುವೆ ಒಂದು ಕಾಲಕ್ಕೆ ನೀರಿತ್ತು. ಪೆಸಿಫಿಕ್ ಸಾಗರವೂ ಕೆರಿಬಿಯನ್ ಸಮುದ್ರವೂ ಅಲ್ಲಿ ಕೂಡಿದ್ದವು. ನಿಧಾನವಾಗಿ ನೆಲ ಮೇಲೆದ್ದು ಸುಮಾರು 30 ಲಕ್ಷ ವರ್ಷಗಳ ಹಿಂದೆ ದಾರಿ ಪೂರ್ತಿ ಮುಚ್ಚಿತು ಎನ್ನುವುದು ಬಹುಪಾಲು ಭೂವಿಜ್ಞಾನಿಗಳ ಲೆಕ್ಕ. ಅಲ್ಲಿನ ಎರಡೂ ತೀರಗಳಲ್ಲಿ ಚಿಟಿಕೆ ಹೊಡೆಯುವ ಸೀಗಡಿಗಳಿವೆ. ಬೆರಳುದ್ದದ ಪ್ರಾಣಿ. ಒಂದು ಕೊಂಡಿ ಚಿಕ್ಕದು, ಇನ್ನೊಂದು ದೇಹಕ್ಕೆ ಹೊಂದದಷ್ಟು ದೊಡ್ಡದು. ಆ ದೊಡ್ಡ ಕೊಂಡಿಯನ್ನು ಪಟ್ಟನೆ ಮುಚ್ಚಿದರೆ ನೀರಿನಲ್ಲಿ ಪಟಾಕಿಯ ಸದ್ದು. ಎದುರಿಗಿದ್ದ ಪುಟ್ಟ ಮೀನು ಆ ಹೊಡೆತಕ್ಕೇ ಕಂಗಾಲಾಗುತ್ತದೆ. ಪೆಸಿಫಿಕ್ ಕಡೆ ಒಂದು ಪ್ರಭೇದ ಇದ್ದರೆ ಕೆರಿಬಿಯನ್ ಕಡೆ ಅದರ ಪಡಿಯಚ್ಚಿನಂಥ ಇನ್ನೊಂದು, ಹೀಗೆ ಹಲವು ಜೋಡಿಗಳು.

ನ್ಯಾನ್ಸಿ ನೋಲ್ಟನ್ ಎಂಬ ಸಾಗರವಿಜ್ಞಾನಿ ಮತ್ತು ಸಂಗಡಿಗರು ಒಂದು ಸಮುದ್ರದ ಗಂಡನ್ನೂ ಇನ್ನೊಂದು ಸಮುದ್ರದ ಹೆಣ್ಣನ್ನೂ ಒಂದೇ ತೊಟ್ಟಿಗೆ ಬಿಟ್ಟು ನೋಡಿದರು. ಒಂದೇ ಸಮುದ್ರದ ಜೋಡಿಯಾದರೆ ಒಟ್ಟಿಗೆ ಬಿಲ ಸೇರಿ, ಮೊಟ್ಟೆ ಇಟ್ಟು ಸಂಸಾರ ಹೂಡುತ್ತಿದ್ದವು. ಬೇರೆ ಸಮುದ್ರದ ಜೋಡಿ ಎದುರಾದಾಗ ಬಹಳ ಸಲ ಕೊಂಡಿ ಎತ್ತಿ ಪಟಪಟ ಹೊಡೆದಾಡಿದವು. ಫಲ ಕಟ್ಟಿದ ಮೊಟ್ಟೆ ಕಂಡದ್ದು ತೀರ ಅಪರೂಪ. 1993ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ನನಗೆ ರುಚಿಸಿದ್ದು ಇನ್ನೊಂದು ಅಂಶ. ಎಲ್ಲ ಜೋಡಿಗಳೂ ಒಂದೇ ಸಮನಾಗಿ ದೂರವಾಗಿರಲಿಲ್ಲ. ನೆಲ ಮೇಲೆದ್ದಂತೆ ಮೊದಲು ದಾರಿ ಕಳೆದುಕೊಂಡವು ಆಳದ, ತಿಳಿ ನೀರಿನ ಸೀಗಡಿಗಳು. ದಡದ ಕೆಸರಿನ ಕಾಂಡ್ಲಾ ಗಿಡಗಳ ಬುಡದಲ್ಲಿ ಬದುಕುವ ಸೀಗಡಿಗಳು ಕಟ್ಟಕಡೆಯ ತೆಳು ನೀರು ಇಂಗುವವರೆಗೂ ಆಚೀಚೆ ಓಡಾಡಿಕೊಂಡಿದ್ದವು. ಹಾಗಾಗಿ ಆಳದವುಗಳಲ್ಲಿ ವ್ಯತ್ಯಾಸ ಹೆಚ್ಚು, ಕಾಂಡ್ಲಾದವುಗಳಲ್ಲಿ ಕಡಿಮೆ. ಬಾಗಿಲು ಮುಚ್ಚಿದ್ದು ಒಂದೇ ದಿನವಲ್ಲ. ಯಾರ ಪಾಲಿಗೆ ಯಾವಾಗ ಮುಚ್ಚಿತು ಎನ್ನುವುದು ಅವರವರು ಎಲ್ಲಿ ಬದುಕುತ್ತಿದ್ದರು ಎನ್ನುವುದರ ಮೇಲೆ ನಿಂತಿತ್ತು.

ದೂರವೇ ಪ್ರಭೇದವನ್ನು ಹುಟ್ಟಿಸುತ್ತದೆ ಎಂಬ ಮಾತು ಹೊಸದೇನಲ್ಲ. 1835ರಲ್ಲಿ ಗಲಾಪಗಸ್ ದ್ವೀಪಗಳಿಗೆ ಹೋದ ಡಾರ್ವಿನ್‌ಗೆ ಅಲ್ಲಿನ ಅಧಿಕಾರಿಯೊಬ್ಬರು ಆಮೆಯ ಚಿಪ್ಪು ನೋಡಿಯೇ ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದಿದ್ದರು. ಡಾರ್ವಿನ್ ಆ ಹೊತ್ತಿಗೆ ಅದನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಅಲ್ಜೀರಿಯಾದಲ್ಲಿ ನದಿಯ ಒಂದೊಂದು ದಡಕ್ಕೂ ಒಂದೊಂದು ಬಗೆಯ ಹಾರಲಾರದ ಜೀರುಂಡೆ ಇರುವುದನ್ನು ಕಂಡ ಮೊರಿಟ್ಸ್ ವಾಗ್ನರ್ 1868ರಲ್ಲಿ ಬೇರ್ಪಡೆಯೇ ಮೂಲ ಎಂದು ವಾದಿಸಿದರು. ಆ ವಾದವನ್ನು ವಿಜ್ಞಾನದ ನಡುಮನೆಗೆ ತಂದವರು ಅರ್ನ್‌ಸ್ಟ್ ಮಾಯರ್. 1928ರಲ್ಲಿ ನ್ಯೂಗಿನಿಯ ಕಾಡಿಗೆ ಹಕ್ಕಿ ಸಂಗ್ರಹಿಸಲು ಹೋದ ಜರ್ಮನ್ ಯುವಕ ಆತ. ನ್ಯೂಗಿನಿಯ ನಡುನಾಡಿನಲ್ಲಿ ನೂರಾರು ಮೈಲಿ ನಡೆದರೂ ಒಂದು ಜಾತಿಯ ಮಿಂಚುಳ್ಳಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದಡದಿಂದ ಸ್ವಲ್ಪವೇ ದೂರದ ಪುಟ್ಟ ದ್ವೀಪಗಳಿಗೆ ಹೋದರೆ ಅದೇ ಮಿಂಚುಳ್ಳಿ ಗುರುತು ಸಿಗದಷ್ಟು ಬೇರೆ. ಇಂಥ ಉದಾಹರಣೆಗಳನ್ನು ಒಟ್ಟುಹಾಕಿ 1942ರಲ್ಲಿ ಅವರು ಪುಸ್ತಕ ಬರೆದರು. ತಮ್ಮತಮ್ಮಲ್ಲೇ ಸಂತಾನ ಬೆಳೆಸುವ, ಬೇರೆಯವರೊಡನೆ ಬೆರೆಯದ ಗುಂಪೇ ಪ್ರಭೇದ ಎನ್ನುವ ಅವರ ವ್ಯಾಖ್ಯೆಯನ್ನೇ ಇವತ್ತಿಗೂ ಕಾಲೇಜುಗಳಲ್ಲಿ ಹೇಳಿಕೊಡುವುದು. ನೂರು ವರ್ಷ ಬದುಕಿದ ಮಾಯರ್ ಕೊನೆಯವರೆಗೂ ಈ ವಿಷಯದಲ್ಲಿ ಜಗಳಗಂಟರಾಗಿಯೇ ಉಳಿದರು.

ಆ ವ್ಯಾಖ್ಯೆಯನ್ನು ಪೇಚಿಗೆ ಸಿಕ್ಕಿಸುವ ಹಕ್ಕಿಯೊಂದು ಪ್ರತಿ ಚಳಿಗಾಲ ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿಗೂ ಲಾಲ್‌ಬಾಗಿಗೂ ಬರುತ್ತದೆ. ಎಲೆಗಳ ನಡುವೆ ಸದಾ ಚಡಪಡಿಸುವ, ಹಸಿರುಬೂದು ಬಣ್ಣದ ಪುಟ್ಟ ಉಲಿಯಕ್ಕಿ. ತೂಕ ಹತ್ತು ಗ್ರಾಮೂ ಇಲ್ಲ. ಕಣ್ಣಿಗೆ ಬೀಳುವ ಮೊದಲು ಅದರ ಚಿಸ್-ವೀ, ಚಿಸ್-ವೀ ಎಂಬ ಚೂಪು ದನಿ ಕಿವಿಗೆ ಬೀಳುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಲೆನಾಡಿನ ಕಾಫಿ ತೋಟಗಳಲ್ಲೂ ಇದರದೇ ದರಬಾರು. ಬೇಸಿಗೆಯಲ್ಲಿ ಮರಿ ಮಾಡಲು ಇದರ ಬಳಗ ಹಿಮಾಲಯಕ್ಕೂ ಅದರಾಚೆಗೂ ಹೋಗುತ್ತದೆ.

ಆಚೆ ಏನಿದೆ ಎಂದರೆ ಟಿಬೆಟ್ಟಿನ ಪ್ರಸ್ಥಭೂಮಿ. ಅಲ್ಲಿ ಮರವಿಲ್ಲ, ಉಲಿಯಕ್ಕಿಗೆ ಜಾಗವಿಲ್ಲ. ಹಿಮಾಲಯದಿಂದ ಪಶ್ಚಿಮಕ್ಕೆ ಕಾಶ್ಮೀರ, ಮಧ್ಯ ಏಷ್ಯಾಗಳ ಮೂಲಕ ಒಂದು ಸಾಲು ಹಕ್ಕಿಗಳು ಸೈಬೀರಿಯಾದವರೆಗೆ ಹಬ್ಬಿವೆ. ಪೂರ್ವಕ್ಕೆ ಚೀನಾದ ಮೂಲಕ ಇನ್ನೊಂದು ಸಾಲು ಅಲ್ಲಿಗೇ ಹೋಗಿದೆ. ಈ ಸಾಲುಗಳ ಉದ್ದಕ್ಕೂ ಅಕ್ಕಪಕ್ಕದ ಹಕ್ಕಿಗಳ ಹಾಡಿನಲ್ಲಿ ವ್ಯತ್ಯಾಸ ಸ್ವಲ್ಪ ಸ್ವಲ್ಪವೇ. ಆದರೆ ಟಿಬೆಟ್ಟನ್ನು ಸುತ್ತು ಹಾಕಿ ಎರಡು ತುದಿಗಳೂ ಸೈಬೀರಿಯಾದ ಯೆನಿಸೈ ನದಿಯ ಸೀಮೆಯಲ್ಲಿ ಕೂಡುತ್ತವಲ್ಲ, ಅಲ್ಲಿ ಒಂದೇ ಕಾಡಿನಲ್ಲಿದ್ದರೂ ಜೋಡಿ ಕಟ್ಟುವುದಿಲ್ಲ. ಡ್ಯಾರೆನ್ ಅರ್ವಿನ್ ಎಂಬ ಸಂಶೋಧಕರು ಟೇಪ್ ರೆಕಾರ್ಡರ್ ಹಿಡಿದು ಹೋಗಿ ಒಂದರ ಹಾಡನ್ನು ಇನ್ನೊಂದಕ್ಕೆ ಕೇಳಿಸಿದರು. ತನ್ನ ಬಳಗದ ಹಾಡು ಬಂದರೆ ರೊಚ್ಚಿಗೆದ್ದು ಸ್ಪೀಕರಿನ ಮೇಲೇ ಎರಗುವ ಗಂಡು, ಆಚಿನ ಸಾಲಿನ ಹಾಡನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದಕ್ಕೆ ಅದು ಎದುರಾಳಿಯೇ ಅಲ್ಲ.

ಹಾಗಾದರೆ ಇದು ಒಂದು ಪ್ರಭೇದವೋ, ಎರಡೋ? ಸೈಬೀರಿಯಾದಲ್ಲಿ ನಿಂತು ನೋಡಿದರೆ ಎರಡು, ಹಿಮಾಲಯದಲ್ಲಿ ನಿಂತು ನೋಡಿದರೆ ಒಂದು. 2014ರಲ್ಲಿ ಇವುಗಳ ಡಿಎನ್‌ಎಯನ್ನು ಇನ್ನೂ ವಿವರವಾಗಿ ಓದಿದಾಗ ಈ ಸರಪಳಿ ಹಿಂದೆ ಅಲ್ಲಲ್ಲಿ ತುಂಡಾಗಿ ಮತ್ತೆ ಕೂಡಿದ ಗುರುತುಗಳೂ ಸಿಕ್ಕವು. ಕಥೆ ಮೊದಲು ಹೇಳಿದಷ್ಟು ನಯವಾಗಿಲ್ಲ. ನನಗಂತೂ ಅದರಿಂದ ಬೇಸರವಾಗಲಿಲ್ಲ. ಪ್ರಭೇದ ಎನ್ನುವುದು ನಡೆಯುತ್ತಿರುವ ಕೆಲಸ. ನಾವು ನೋಡಲು ಹೋದಾಗ ಕೆಲವು ಕಡೆ ಮುಗಿದಿರುತ್ತದೆ, ಕೆಲವು ಕಡೆ ಅರ್ಧವಾಗಿರುತ್ತದೆ, ಇನ್ನು ಕೆಲವು ಕಡೆ ಆದದ್ದು ಮತ್ತೆ ಅಳಿಸಿಹೋಗುತ್ತಿರುತ್ತದೆ.

ಮುಗಿದ ಕೆಲಸದ ರಾಶಿಯನ್ನೇ ನೋಡಬೇಕಾದರೆ ಮತ್ತೆ ನಮ್ಮ ಘಟ್ಟಕ್ಕೇ ಬರಬೇಕು. ಮುಂಗಾರಿನ ಮೊದಲ ಮಳೆಗಳು ಬಿದ್ದ ರಾತ್ರಿ ಕೊಡಗಿನಲ್ಲೋ ಆಗುಂಬೆಯಲ್ಲೋ ಪೊದೆಗಳಿಂದ ಟಿಕ್ ಟಿಕ್ ಎಂದು ಎಡೆಬಿಡದೆ ಸದ್ದು ಬರುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಪೊದೆಗಪ್ಪೆಗಳದ್ದು. ಹೆಬ್ಬೆರಳ ತುದಿಯಷ್ಟೇ ಗಾತ್ರದವೂ ಇವೆ. ಇವಕ್ಕೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಮೊಟ್ಟೆಯಿಂದ ಸೀದಾ ಪುಟಾಣಿ ಕಪ್ಪೆಯೇ ಹೊರಬರುತ್ತದೆ. ಕೆರೆಕುಂಟೆಯ ಹಂಗಿಲ್ಲದೆ ಒದ್ದೆ ಎಲೆಯೊಂದಿದ್ದರೆ ಬದುಕು ನಡೆಯುತ್ತದೆ. ಆದರೆ ಆ ಒದ್ದೆ ಇರುವ ಬೆಟ್ಟವನ್ನು ಬಿಟ್ಟು ಇಳಿಯಲಾರವು. ಪರಿಣಾಮವಾಗಿ ಈ ಒಂದೇ ಕುಲದಲ್ಲಿ ಅರವತ್ತಕ್ಕೂ ಹೆಚ್ಚು ಪ್ರಭೇದಗಳು. ಹಲವಕ್ಕೆ ಒಂದೇ ಬೆಟ್ಟ, ಒಂದೇ ಸಾಲು ಇಡೀ ಜಗತ್ತು. ಬಿಳಿಗಿರಿರಂಗನ ಬೆಟ್ಟದ ಹೊನ್ನಮೆಟ್ಟಿಯ ಹೆಸರು ಹೊತ್ತ ಪೊದೆಗಪ್ಪೆಯೊಂದು ಪುಸ್ತಕಕ್ಕೆ ಸೇರಿದ್ದು 2016ರಲ್ಲಿ.

ಈ ಕುಲದ ಹೆಸರು ರಾವೋರ್ಕೆಸ್ಟಿಸ್. ಅದರ ಮೊದಲಿಗೆ ಇರುವ 'ರಾವ್' ನಮ್ಮವರೇ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್. 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಡಿಎನ್‌ಎಯನ್ನು ಓದುವ ದಾರಿಯೇ ಇಲ್ಲದ ಕಾಲದಲ್ಲಿ ಮಲೆನಾಡಿನ, ಕೊಡಗಿನ ಕಪ್ಪೆಗಳನ್ನು ಬರೀ ಕಣ್ಣಿನಿಂದ, ಅಳತೆಪಟ್ಟಿಯಿಂದ ಬೇರೆ ಬೇರೆ ಎಂದು ಗುರುತಿಸಿ ಬರೆದಿಟ್ಟವರು. ಅವರ ಹೆಸರು ಇವತ್ತು ಕನ್ನಡದ ವಿದ್ಯಾರ್ಥಿಗಳಿಗೆ ಅಷ್ಟಾಗಿ ಗೊತ್ತಿಲ್ಲ ಎನ್ನುವುದು ಸಣ್ಣ ಕೊರತೆಯಲ್ಲ.

ಇಷ್ಟು ಹೇಳಿದ ಮೇಲೆ ಕೇಳುಗರಲ್ಲಿ ಯಾರಾದರೂ ಒಂದು ತರ್ಕ ಹೂಡಬಹುದು. ನಾವು ರಸ್ತೆ ಮಾಡಿದ್ದೇವೆ, ಅಣೆಕಟ್ಟು ಕಟ್ಟಿದ್ದೇವೆ, ಶೋಲಾ ಕಡಿದು ಚಹಾ, ನೀಲಗಿರಿ ಮರ ಬೆಳೆಸಿದ್ದೇವೆ. ಕಾಡು ತುಂಡು ತುಂಡಾಗಿದೆ. ಹಾಗಾದರೆ ಒಂದೊಂದು ತುಂಡಿನಲ್ಲೂ ಹೊಸ ಪ್ರಭೇದ ಹುಟ್ಟಬೇಕಲ್ಲ, ಒಳ್ಳೆಯದೇ ಆಯಿತಲ್ಲ?

ಬದಲಾವಣೆ ಶುರುವಾಗುತ್ತದೆ, ನಿಜ. ಶೋಲಾಕಿಳಿಗಳ ಹಾಡನ್ನು ಧ್ವನಿಮುದ್ರಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪುರಾತನ ಕಂಡಿಗಳಿಂದ ಬೇರೆಯಾದ ಗುಂಪುಗಳ ಹಾಡಿನಲ್ಲಷ್ಟೇ ಅಲ್ಲ, ಈಚಿನ ಕಾಡುನಾಶದಿಂದ ಬೇರೆಯಾದ ಗುಂಪುಗಳ ಹಾಡಿನಲ್ಲೂ ವ್ಯತ್ಯಾಸ ಕಂಡಿತು. ಎರಡು ಕಡೆ ಬದಲಾದ ಅಂಶಗಳು ಮಾತ್ರ ಬೇರೆ ಬೇರೆ. ಆದರೆ ಹಾಡು ಬದಲಾದ ಮಾತ್ರಕ್ಕೆ ಪ್ರಭೇದವಾಗುವುದಿಲ್ಲ. ಅದಕ್ಕೆ ಲಕ್ಷಗಟ್ಟಲೆ ವರ್ಷ ಬೇಕು, ಅಷ್ಟು ಕಾಲ ಬದುಕಿರುವಷ್ಟು ದೊಡ್ಡ ಗುಂಪೂ ಬೇಕು. ನೀಲಗಿರಿಯ ಜೌಗು ನೆಲದ ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿ ರಾಮನ್ ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ತೋರಿಸಿದಂತೆ, ಕಳೆದ 20,000 ವರ್ಷಗಳಲ್ಲಿ ಅಲ್ಲಿ ಹುಲ್ಲು ಹೆಚ್ಚಾಗಿ ಕಾಡು ಕುಗ್ಗಿದ್ದೂ, ಮತ್ತೆ ಕಾಡು ಹಬ್ಬಿದ್ದೂ ಆಗಿದೆ. ಕುಗ್ಗಿದಾಗಲೂ ಹಕ್ಕಿಗಳಿಗೆ ತಾವು ಸಿಕ್ಕಿದ್ದರಿಂದಲೇ ಇವತ್ತು ಅವು ಉಳಿದಿವೆ. ಹತ್ತಾರು ಎಕರೆಯ ತುಂಡಿನಲ್ಲಿ ಸಿಕ್ಕಿಬಿದ್ದ ಹತ್ತಿಪ್ಪತ್ತು ಹಕ್ಕಿಗಳಿಗೆ ಅಂಥ ಅವಕಾಶವಿಲ್ಲ. ಒಂದು ಬರ, ಒಂದು ರೋಗ ಸಾಕು. ಹೊಸದು ಹುಟ್ಟುವ ವೇಗವೂ ಇದ್ದದ್ದು ಅಳಿಯುವ ವೇಗವೂ ಹೋಲಿಸುವಂಥದ್ದಲ್ಲ.

ಬೇರೆ ಪ್ರಭೇದ ಹೌದೋ ಅಲ್ಲವೋ ಎಂಬ ಚರ್ಚೆ ಪಂಡಿತರ ಹರಟೆ ಎಂದು ಕೆಲವರು ಹೇಳುವುದುಂಟು. ಅದು ಬರೀ ಹರಟೆಯಲ್ಲ ಎನ್ನಲು ಒಂದು ಉದಾಹರಣೆ ಇದೆ. ಕೊಡಗಿನ ದಕ್ಷಿಣದ ಅಂಚಿನ ಬ್ರಹ್ಮಗಿರಿಯ ಶೋಲಾಗಳಲ್ಲಿ, ಪಕ್ಕದ ವಯನಾಡಿನ ಬಾಣಾಸುರ ಬೆಟ್ಟದಲ್ಲಿ ಒಂದು ಹಕ್ಕಿಯಿದೆ. ಕೂಗಿದರೆ ನಕ್ಕಂತೆ ಕೇಳುತ್ತದೆ. ಹರಟೆಮಲ್ಲನ ದೂರದ ನೆಂಟ. ಹೆಸರು ಬಾಣಾಸುರ ಚಿಲಪ್ಪನ್. ನೀಲಗಿರಿಯಲ್ಲಿರುವ ಚಿಲಪ್ಪನ್ ಬೇರೆ, ನಡುವೆ ಚಾಲಿಯಾರ್ ಹೊಳೆಯ ಕಣಿವೆ. ಹಳೆಯ ಪುಸ್ತಕಗಳಲ್ಲಿ ಬಾಣಾಸುರದ ಹಕ್ಕಿಯನ್ನು ಒಮ್ಮೆ ಪಳನಿಯ ಕಡೆಯವುಗಳ ಜೊತೆಗೆ, ಇನ್ನೊಮ್ಮೆ ನೀಲಗಿರಿಯವುಗಳ ಜೊತೆಗೆ ಸೇರಿಸಿ ಲೆಕ್ಕ ಹಾಕುತ್ತಿದ್ದರು. ಹಾಗೆ ಸೇರಿಸಿದಾಗ ಹಕ್ಕಿಗಳ ಸಂಖ್ಯೆ ಪರವಾಗಿಲ್ಲ ಎನ್ನಿಸುತ್ತಿತ್ತು, ಹರವೂ ದೊಡ್ಡದಾಗಿ ಕಾಣುತ್ತಿತ್ತು. ಈಗ ಅದು ತನ್ನಷ್ಟಕ್ಕೆ ತಾನೇ ಒಂದು ಪ್ರಭೇದ. ಕೆಲವೇ ಬೆಟ್ಟಗಳ ನೆತ್ತಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಹಕ್ಕಿಯೆಂದು ದಾಖಲಾಗಿದೆ. ಬ್ರಹ್ಮಗಿರಿಯ ಶೋಲಾವೊಂದಕ್ಕೆ ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಆಗುವ ನಷ್ಟ ಎಷ್ಟೆಂದು ಅರಣ್ಯ ಇಲಾಖೆ ಇನ್ನು ಮೇಲೆ ಈ ಲೆಕ್ಕದಲ್ಲೇ ನೋಡಬೇಕಾಗುತ್ತದೆ.